ಹ್ಯಾಪಿ ಡೇಸ್ ಡಿವಿಡಿ, ಸೀಸನ್ 1 ಮತ್ತು 2: ದೊಡ್ಡ ಮಗ ಎಲ್ಲಿ ಸ್ವಾಮಿ?

ಮೊದಲೇ ಹೇಳಿಬಿಡುತ್ತೇನೆ. 'ಹ್ಯಾಪಿ ಡೇಸ್' ಎಂಬ ಹಳೆಯ ಅಮೆರಿಕನ್ ಹಾಸ್ಯ ಧಾರಾವಾಹಿಯ ಸೀಸನ್ 1ರ ಸೆಟ್ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ. ಸೀಸನ್ 2ಕ್ಕೆ ದುಡ್ಡು ಹಾಕಬೇಡಿ, ಲೈಬ್ರರಿಯಿಂದ ತಂದು ನೋಡಿ ಸಾಕು. ನಾನು ಮಾಡಿದ್ದೂ ಅದನ್ನೇ. ಮಗಳ ಮನೆ ಅಮೆರಿಕದ ಮಿಲ್ವಾಕೀ ಊರಿನ ಪಕ್ಕದಲ್ಲಿದೆ. ಇಲ್ಲಿನ ಲೈಬ್ರರಿಯಲ್ಲಿ ಪುಸ್ತಕದ ಜೊತೆ ಡಿವಿಡಿಗಳನ್ನೂ ಪುಕ್ಕಟೆ ಕೊಡುತ್ತಾರೆ. ಚಳಿಗಾಲದಲ್ಲಿ ಬಂದ ನನ್ನಂಥ ಅಪ್ಪಂದಿರಿಗೆ ಹೊತ್ತು ಕಳೆಯಲು ಬೇರೆ ಏನಿದೆ?

ನೋಡಲು ಕೂತಿದ್ದಕ್ಕೆ ಕಾರಣ ಎರಡು. ಕಥೆ ನಡೆಯುವುದೇ ಮಿಲ್ವಾಕೀಯಲ್ಲಿ. ಇನ್ನೊಂದು, ಮನೆಯ ಯಜಮಾನ ಹವರ್ಡ್ ಕನಿಂಗ್‌ಹ್ಯಾಮ್‌ನದು ಹಾರ್ಡ್‌ವೇರ್ ಅಂಗಡಿ. ತುಮಕೂರಿನಲ್ಲಿ ನಮ್ಮದೂ ಅದೇ. ಮೊಳೆ, ಚಿಲಕ, ಪೇಂಟು ಮಾರಿಕೊಂಡೇ ಮಕ್ಕಳನ್ನು ಓದಿಸಿದವನು ನಾನು. (ಬೆಂಗಳೂರಿನ ಕನಿಂಗ್‌ಹ್ಯಾಂ ರಸ್ತೆಗೂ ಈ ಮನೆತನಕ್ಕೂ ಸಂಬಂಧ ಇಲ್ಲ, ಹುಡುಕಬೇಡಿ.)

ಸರಣಿ ಎಬಿಸಿ ಚಾನೆಲ್‌ನಲ್ಲಿ 1974ರ ಜನವರಿಯಲ್ಲಿ ಶುರುವಾಗಿ 1984ರವರೆಗೆ ಓಡಿತು. 11 ಸೀಸನ್, 255 ಸಂಚಿಕೆ. ಸೃಷ್ಟಿಸಿದವರು ಗ್ಯಾರಿ ಮಾರ್ಷಲ್. ಕಾಲ 1950ರ ದಶಕ. ಅಪ್ಪ ಹವರ್ಡ್, ಅಮ್ಮ ಮೇರಿಯನ್, ಮಗ ರಿಚಿ, ಮಗಳು ಜೋನಿ. ರಿಚಿಯಾಗಿ ರಾನ್ ಹವರ್ಡ್ ಇದ್ದಾರೆ, ಮುಂದೆ ದೊಡ್ಡ ನಿರ್ದೇಶಕರಾದರಲ್ಲ, ಅವರೇ. ಇಷ್ಟು ಜನ ಎಲ್ಲರಿಗೂ ಗೊತ್ತು. ಆದರೆ ಈ ಎರಡು ಸೆಟ್‌ಗಳಲ್ಲಿ ಇನ್ನೊಬ್ಬನಿದ್ದಾನೆ. ಹೆಸರು ಚಕ್. ಮನೆಯ ಹಿರಿಮಗ.

ಚಕ್ ಕಾಲೇಜು ಹುಡುಗ, ಬ್ಯಾಸ್ಕೆಟ್‌ಬಾಲ್ ಆಟಗಾರ. ಕೈಯಲ್ಲಿ ಚೆಂಡು ಹಿಡಿದು ಬರುತ್ತಾನೆ, ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೋಗುತ್ತಾನೆ. ಮಾತು ಕಮ್ಮಿ. ಸೀಸನ್ 1ರಲ್ಲಿ ಗ್ಯಾವನ್ ಓಹರ್ಲಿಹಿ ಎಂಬ ನಟ ಈ ಪಾತ್ರ ಮಾಡಿದ್ದಾರೆ. ಸೀಸನ್ 2ಕ್ಕೆ ಮುಖ ಬದಲಾಗಿ ರಾಂಡಾಲ್ಫ್ ರಾಬರ್ಟ್ಸ್ ಬಂದರು. ಸರಣಿ ಶುರುವಾಗುವ ಮೊದಲು, 1972ರಲ್ಲಿ ಪ್ರಸಾರವಾದ ಪೈಲಟ್ (ಪ್ರಯೋಗದ) ಸಂಚಿಕೆಯಲ್ಲಿ ಇದ್ದವರು ಮತ್ತೂ ಬೇರೆಯವರು. ಅಂದರೆ ಒಬ್ಬ ಚಕ್‌ಗೆ ಮೂರು ಮುಖ. ಆಮೇಲೆ ಒಂದೂ ಇಲ್ಲ! ಸೀಸನ್ 2ರ ನಡುವಿನಿಂದ ಅವನು ಬರುವುದೇ ಇಲ್ಲ. ಸತ್ತ ಅನ್ನುವುದಿಲ್ಲ, ದೂರ ಹೋದ ಅನ್ನುವುದಿಲ್ಲ, ಮನೆಯವರು ಒಂದು ಸಲವೂ ನೆನೆಸಿಕೊಳ್ಳುವುದಿಲ್ಲ. ಅಮೆರಿಕದ ಟಿವಿ ಲೋಕದಲ್ಲಿ ಹೀಗೆ ಹೇಳದೆ ಕೇಳದೆ ಮಾಯವಾಗುವ ಪಾತ್ರಗಳ ಕಾಯಿಲೆಗೆ ಇವನ ಹೆಸರನ್ನೇ ಇಟ್ಟಿದ್ದಾರೆ: ಚಕ್ ಕನಿಂಗ್‌ಹ್ಯಾಮ್ ಸಿಂಡ್ರೋಮ್.

ಸೀಸನ್ 2 ತರಿಸಿದ್ದೇ ಇವನು ಹೋಗುವುದನ್ನು ನೋಡಲು. ಮೊದಲ ಸಂಚಿಕೆಯಲ್ಲಿ ರಿಚಿಗೆ ಸ್ವತಂತ್ರವಾಗಿ ಇರಬೇಕು ಅನ್ನಿಸುತ್ತದೆ. ಗಂಟುಮೂಟೆ ಕಟ್ಟಿ ಹೋಗುವುದು ಎಲ್ಲಿಗೆ? ಅಣ್ಣ ಚಕ್ ಬಾಡಿಗೆಗೆ ಇರುವ ಕಡೆಗೆ. ಇಡೀ ಕಥೆಯೇ ಅಣ್ಣನ ಮನೆಯ ಮೇಲೆ ನಿಂತಿದೆ. ಅಂಥವನು ಅದೇ ಸೀಸನ್‌ನ ಕ್ರಿಸ್‌ಮಸ್ ಸಂಚಿಕೆ ಆದ ಮೇಲೆ ಇಲ್ಲ. 1974ರ ಡಿಸೆಂಬರ್‌ನಲ್ಲಿ ಪ್ರಸಾರವಾದ ಸಂಚಿಕೆ ಅದು. ಈ ಸೆಟ್‌ನಲ್ಲಿ ನೋಡಲೇಬೇಕಾದದ್ದು ಅಂದರೆ ಅದೇ.

ಹವರ್ಡ್‌ಗೆ ಒಂದೇ ಹಟ, ಈ ಸಲ ಹಬ್ಬಕ್ಕೆ ಮನೆಯವರು ಮಾತ್ರ ಇರಬೇಕು. ಆ ಕಡೆ ರಿಚಿಯ ಗೆಳೆಯ ಫಾನ್ಜಿ ಇದ್ದಾನೆ, ಚರ್ಮದ ಜಾಕೆಟ್, ಬೈಕು, ಗ್ಯಾರೇಜಿನ ಮೆಕ್ಯಾನಿಕ್. ನೆಂಟರ ಮನೆಗೆ ಹೋಗುತ್ತೇನೆ ಅಂತ ಎಲ್ಲರ ಮುಂದೆ ಜಂಬ ಕೊಚ್ಚಿಕೊಂಡಿರುತ್ತಾನೆ. ರಿಚಿ ಹೋಗಿ ನೋಡಿದರೆ ಗ್ಯಾರೇಜಿನಲ್ಲಿ ಒಬ್ಬನೇ ಡಬ್ಬದ ತಿಂಡಿ ತಿನ್ನುತ್ತಿದ್ದಾನೆ. ಕೊನೆಗೆ ಅವನ ಮರ್ಯಾದೆಗೆ ಕುಂದು ಬರದ ಹಾಗೆ ಏನೋ ರಿಪೇರಿ ನೆಪ ಹೇಳಿ ಮನೆಗೆ ಕರೆಸುತ್ತಾರೆ. ನನಗೆ ಗಂಟಲು ಕಟ್ಟಿತು, ಸುಳ್ಳು ಯಾಕೆ ಹೇಳಲಿ. ಆದರೆ ಲೆಕ್ಕ ನೋಡಿ. ಫಾನ್ಜಿ ಮನೆಯವನಾದ ರಾತ್ರಿಯೇ ಚಕ್‌ನ ಕೊನೆಯ ರಾತ್ರಿ. ಸೀಸನ್ 3ಕ್ಕೆ ಬರುವ ಹೊತ್ತಿಗೆ ಫಾನ್ಜಿ ಇದೇ ಮನೆಯ ಗ್ಯಾರೇಜಿನ ಮೇಲಿನ ರೂಮಿಗೆ ಬಾಡಿಗೆಗೆ ಬಂದಾಗಿರುತ್ತದೆ. ರಿಚಿಗೆ ಬುದ್ಧಿ ಹೇಳುವ ಅಣ್ಣನ ಕೆಲಸವೂ ಅವನಿಗೇ ಸಿಕ್ಕಿತು. ಹಿರಿಮಗನಿಗೆ ಮಾಡಲು ಏನು ಉಳಿಯಿತು ಹೇಳಿ?

ಹೆನ್ರಿ ವಿಂಕ್ಲರ್ ಮಾಡಿದ ಈ ಫಾನ್ಜಿ ಮೊದಲಿಗೆ ಸಣ್ಣ ಪಾತ್ರ. ಚರ್ಮದ ಜಾಕೆಟ್ ಹಾಕಿದರೆ ರೌಡಿ ತರಹ ಕಾಣುತ್ತಾನೆ ಅಂತ ಚಾನೆಲ್‌ನವರು ಬೇಡ ಅಂದಿದ್ದರು. ಸೀಸನ್ 1ರ ಶುರುವಿನಲ್ಲಿ ಅವನು ತೆಳು ಬಟ್ಟೆಯ ಜಾಕೆಟ್‌ನಲ್ಲಿ ಓಡಾಡುವುದನ್ನು ಗಮನಿಸಿ. ಆಮೇಲೆ ಜನ ಅವನನ್ನು ತಲೆ ಮೇಲೆ ಹೊತ್ತು ಮೆರೆಸಿದರು. ಮಿಲ್ವಾಕೀಯ ನದಿ ದಂಡೆಯಲ್ಲಿ 2008ರಲ್ಲಿ ಅವನ ಕಂಚಿನ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ, ಎರಡೂ ಹೆಬ್ಬೆರಳು ಎತ್ತಿಕೊಂಡು. ಅಳಿಯಂದಿರು ಕರೆದುಕೊಂಡು ಹೋಗಿ ಫೋಟೋ ತೆಗೆದರು. ಚಕ್‌ನ ಹೆಸರಲ್ಲಿ ಒಂದು ಕಲ್ಲುಬೆಂಚಾದರೂ ಇದೆಯಾ ಅಂತ ಸುತ್ತ ಕಣ್ಣಾಡಿಸಿದೆ. ಎಲ್ಲಿಯ ಮಾತು!

ಪಾತ್ರ ಬೇಡವಾದರೆ ತೆಗೆಯಲಿ, ಅದು ಅವರ ವ್ಯಾಪಾರ. ನನ್ನ ತಕರಾರು ಅದಲ್ಲ. ಒಂದು ಮಾತು ಹೇಳಬಹುದಿತ್ತಲ್ವಾ? ನಮ್ಮ ಧಾರಾವಾಹಿಗಳನ್ನು ಎಷ್ಟು ಬೈದುಕೊಂಡರೂ ಈ ವಿಷಯದಲ್ಲಿ ಅವು ಎಷ್ಟೋ ವಾಸಿ. ನಟ ಬಿಟ್ಟುಹೋದರೆ ಆ್ಯಕ್ಸಿಡೆಂಟ್ ಮಾಡಿಸಿ, ಪ್ಲಾಸ್ಟಿಕ್ ಸರ್ಜರಿ ಮಾಡಿಸಿ ಹೊಸ ಮುಖ ತರುತ್ತಾರೆ. ಇಲ್ಲವೇ ದುಬೈಗೆ ಕೆಲಸದ ಮೇಲೆ ಕಳಿಸುತ್ತಾರೆ. ನನ್ನ ಹೆಂಡತಿ ಅದನ್ನು ನೋಡಿ ನಗುತ್ತಾಳೆ, ಆದರೆ ಒಪ್ಪಿಕೊಳ್ಳುತ್ತಾಳೆ. ಚಕ್‌ನ ಕಥೆ ಹೇಳಿದ್ದಕ್ಕೆ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಹೆತ್ತ ತಾಯಿಯೂ ಕೇಳಲಿಲ್ವೇನ್ರೀ?"

ಕೇಳಲಿಲ್ಲ ಕಣೇ. ಅಷ್ಟೇ ಅಲ್ಲ. 1984ರ ಕೊನೆಯ ಸಂಚಿಕೆಯಲ್ಲಿ ಜೋನಿಯ ಮದುವೆ ನಡೆಯುತ್ತದೆ. ಹವರ್ಡ್ ಎದ್ದು ನಿಂತು, ನಮ್ಮ ಇಬ್ಬರು ಮಕ್ಕಳಿಗೂ ಮದುವೆಯಾಯಿತು ಅನ್ನುವ ಅರ್ಥದ ಮಾತಾಡುತ್ತಾನೆ. ಇಬ್ಬರು! ಅಂಗಡಿ ನಡೆಸಿದ ಮನುಷ್ಯ ಹೀಗೆ ಲೆಕ್ಕ ತಪ್ಪುವುದೇ? ಅದಿರಲಿ, ನನ್ನಂಥವನಿಗೆ ಮೊದಲು ಬರುವ ಯೋಚನೆ ಬೇರೆ. ಹವರ್ಡ್ ಆದ ಮೇಲೆ ಗಲ್ಲಾಪೆಟ್ಟಿಗೆ ಮೇಲೆ ಕೂರುವವರು ಯಾರು? ರಿಚಿಗೆ ಬರೆಯುವ ಹುಚ್ಚು. ಚೆಂಡು ಆಡಿಕೊಂಡಿದ್ದ ಹುಡುಗನೇ ಕೊನೆಗೆ ಅಂಗಡಿಗೆ ಬರಬೇಕಿತ್ತು. ನಮ್ಮ ಪೇಟೆಯಲ್ಲಿ ಎಷ್ಟು ಅಂಗಡಿಗಳಲ್ಲಿ ಹಾಗೇ ಆಗಿಲ್ಲ?

ಈಗ ಸೆಟ್‌ಗಳ ವಿಷಯ. ಸೀಸನ್ 1ರಲ್ಲಿ 16 ಸಂಚಿಕೆ, ಸೀಸನ್ 2ರಲ್ಲಿ 23. ಈ ಎರಡನ್ನೂ ಬಹುಪಾಲು ಒಂದೇ ಕ್ಯಾಮೆರಾದಲ್ಲಿ ಸಿನಿಮಾ ತರಹ ತೆಗೆದಿದ್ದಾರೆ. ಹಿಂದೆ ಕೇಳುವ ನಗು ಸೇರಿಸಿದ್ದು, ಆದರೆ ಕಿವಿಗೆ ಹಿಂಸೆ ಇಲ್ಲ. ಸೀಸನ್ 3ರಿಂದ ಜನರನ್ನು ಕೂರಿಸಿಕೊಂಡು ಮೂರು ಕ್ಯಾಮೆರಾದಲ್ಲಿ ತೆಗೆದರು. ಫಾನ್ಜಿ ಬಾಗಿಲಲ್ಲಿ ಕಂಡರೆ ಸಾಕು, ಚಪ್ಪಾಳೆ ನಿಲ್ಲುವುದಿಲ್ಲ. ಮನೆಯ ಒಳಗಿನ ಸೆಟ್ಟನ್ನೂ ಆಗಲೇ ಬದಲಾಯಿಸಿದರು, ಬಾಗಿಲು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಂತು. ನನಗೆ ಹಳೆಯ ಮನೆಯೇ ಇಷ್ಟ. ಅಲ್ಲಿ ಜನ ಮಾತಾಡುತ್ತಾರೆ, ಆಮೇಲಿನದರಲ್ಲಿ ಜಾಸ್ತಿ ಕೂಗುತ್ತಾರೆ.

ಹಾಗಾದರೆ ಸೀಸನ್ 2ಕ್ಕೆ ದುಡ್ಡು ಯಾಕೆ ಬೇಡ? ಹಾಡಿನ ಕಾರಣಕ್ಕೆ. ಮೊದಲ ಎರಡು ಸೀಸನ್‌ಗಳಿಗೆ ಶೀರ್ಷಿಕೆ ಗೀತೆಯಾಗಿ ಇದ್ದದ್ದು ಬಿಲ್ ಹೇಲಿಯ 'ರಾಕ್ ಅರೌಂಡ್ ದ ಕ್ಲಾಕ್'. ಈ ಸರಣಿಗೆಂದೇ ಅವರು ಅದನ್ನು ಮತ್ತೆ ಹಾಡಿಕೊಟ್ಟಿದ್ದರು. ಸೀಸನ್ 1ರ ಸೆಟ್‌ನಲ್ಲಿ ಅದು ಹಾಗೇ ಇದೆ. ಸೀಸನ್ 2ರ ಸೆಟ್ ತಂದವರು ಹಕ್ಕುಗಳ ತಕರಾರಿನಿಂದ ಆ ಹಾಡನ್ನೂ, ಒಳಗಿನ ಬೇರೆ ಕೆಲವು ಹಾಡುಗಳನ್ನೂ ತೆಗೆದು ಬೇರೆ ಸಂಗೀತ ತುಂಬಿದ್ದಾರೆ. ಚಕ್‌ಗೆ ಮಾಡಿದ್ದನ್ನೇ ಹಾಡಿಗೂ ಮಾಡಿದರು ನೋಡಿ.

ಇದೇ ರೋಗ ಇನ್ನೊಂದು ಕಡೆಯೂ ಇದೆ ಅಂತ ಮಗಳು ಹೇಳಿದಳು. 1989ರಲ್ಲಿ ಶುರುವಾದ 'ಫ್ಯಾಮಿಲಿ ಮ್ಯಾಟರ್ಸ್'. ಅದರಲ್ಲಿ ಪಕ್ಕದ ಮನೆಯ ಹುಡುಗ ಅರ್ಕಲ್ ಜನಪ್ರಿಯನಾದ. ಕಥೆ ನಡೆಯುವ ಮನೆಯ ಕಿರಿಮಗಳು ಜೂಡಿ ನಾಲ್ಕನೇ ಸೀಸನ್ ಆದ ಮೇಲೆ ಇಲ್ಲ. ಎರಡೂ ಸರಣಿಗಳ ನಿರ್ಮಾಪಕರಲ್ಲಿ ಥಾಮಸ್ ಮಿಲ್ಲರ್ ಇದ್ದರು! ಅದರ ಸೆಟ್‌ಗೂ ಲೈಬ್ರರಿಯಲ್ಲಿ ಹೆಸರು ಬರೆಸಿದ್ದೇನೆ.

ಸೀಸನ್ 1ಕ್ಕೆ 5ರಲ್ಲಿ 4, ಸೀಸನ್ 2ಕ್ಕೆ ಎರಡೂವರೆ, ಅದರಲ್ಲಿ ಒಂದು ಆ ಕ್ರಿಸ್‌ಮಸ್ ಸಂಚಿಕೆಗೇ. ಊರಿಗೆ ಒಯ್ಯುವವರಿಗೆ ಒಂದು ಎಚ್ಚರಿಕೆ: ಡಿವಿಡಿಗಳಿಗೆ ಪ್ರದೇಶವಾರು ಗುರುತು (ರೀಜನ್) ಇರುತ್ತದೆ. ಇಲ್ಲಿನ ಡಿಸ್ಕ್‌ಗಳು ರೀಜನ್ 1ರವು, ಭಾರತದ್ದು ರೀಜನ್ 5. ಎಲ್ಲ ರೀಜನ್ ಓದುವ ಪ್ಲೇಯರ್ ಇದ್ದರೆ ಮಾತ್ರ ತಗೊಂಡು ಹೋಗಿ.