ಆನೆ ಬೇಲಿ, ಟಾರ್ಚ್ ಬಲ್ಬು ಮತ್ತು ಒಂದು ಪೆನ್‌ಡ್ರೈವ್: ಫೆಟ್ ಹಾಗೂ ದೀಕ್ಷಾ ಬಳಸಿದ ಒಂದು ವರ್ಷ

ಸಿದ್ದಾಪುರದಿಂದ ಅಮ್ಮತ್ತಿಯ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಕಾಫಿ ತೋಟವೊಂದರ ಹಳೆಯ ಗೋದಾಮಿನಲ್ಲಿ, ವಾರಕ್ಕೆ ನಾಲ್ಕು ಸಂಜೆ ನಾನು ಹತ್ತನೆಯ ತರಗತಿಯ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಪ್ರೌಢಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ಹಿಡಿದ ಉದ್ಯೋಗ ಇದು. ಸಂಬಳವಿಲ್ಲ, ಆದರೆ ಸಂಜೆಯ ಕಾಫಿ ತಪ್ಪುವುದಿಲ್ಲ. ಬರುವ 14 ಮಕ್ಕಳಲ್ಲಿ ಹೆಚ್ಚಿನವರು ತೋಟದ ಕಾರ್ಮಿಕರ ಲೈನ್‌ಮನೆಗಳವರು. ಮನೆಯಲ್ಲಿ ಕೆಲವರದು ಮಲಯಾಳ, ಕೆಲವರದು ತಮಿಳು, ಮೂವರದು ಯರವರ ಮಾತು, ಒಬ್ಬಳದು ಕೊಡವ ತಕ್ಕ್. ಕನ್ನಡ ಅವರಿಗೆಲ್ಲ ಶಾಲೆಯ ಭಾಷೆ. ಒಂದು ಹಳೆಯ ಲ್ಯಾಪ್‌ಟಾಪ್, ಅಂಗೈಗಿಂತ ತುಸು ದೊಡ್ಡದಾದ ಎಲ್‌ಇಡಿ ಪ್ರೊಜೆಕ್ಟರ್, ಸುಣ್ಣ ಬಳಿದ ಗೋಡೆ ಮತ್ತು ಪಕ್ಕದ ಬಂಗಲೆಯಿಂದ ಎಳೆದ ಇನ್ವರ್ಟರ್ ತಂತಿ, ಇಷ್ಟು ನಮ್ಮ ಡಿಜಿಟಲ್ ತರಗತಿಯ ಆಸ್ತಿ. ಈ ಆಸ್ತಿಯ ಮೇಲೆ ಕಳೆದ ಜೂನ್‌ನಿಂದ ಬಳಸಿ ನೋಡಿದ ದೀಕ್ಷಾ ಮತ್ತು ಫೆಟ್ ಎಂಬ ಎರಡು ಉಚಿತ ಡಿಜಿಟಲ್ ಸಾಧನಗಳ ಬಗ್ಗೆ, ಮತ್ತು ಹಣ ಕೊಟ್ಟು ಕೊಂಡ ಮೂರನೆಯದೊಂದರ ಬಗ್ಗೆ, ನನ್ನ ಅಭಿಪ್ರಾಯವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಕೊಡಗಿನಲ್ಲಿ ಇಂಥ ಯಾವ ಸಾಧನವನ್ನಾದರೂ ಅಳೆಯಬೇಕಾದರೆ ಮೊದಲು ಕೇಳಬೇಕಾದ ಪ್ರಶ್ನೆ ಪಾಠದ ಗುಣಮಟ್ಟದ್ದಲ್ಲ, ಮಳೆಯದು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಸಿಲ್ವರ್ ಓಕ್ ಮರವೊಂದು ತಂತಿಯ ಮೇಲೆ ಬಿದ್ದರೆ ಕರೆಂಟು ಎಂದು ಬರುವುದೆಂದು ಯಾರೂ ಹೇಳುವುದಿಲ್ಲ. ಕರೆಂಟು ಹೋದ ಕೆಲವು ತಾಸುಗಳಲ್ಲಿ ಟವರಿನ ಬ್ಯಾಟರಿಯೂ ಸೋಲುತ್ತದೆ. 2020ರ ಕೋವಿಡ್ ಕಾಲದಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಬಂದ ‘ಸಂವೇದ’ ಪಾಠಗಳನ್ನು ಮಕ್ಕಳು ಕಿವಿಗೊಟ್ಟು ಕೇಳಿದ್ದುಂಟು, ಕರೆಂಟಿದ್ದ ದಿನ. ಅದರ ಮರುವರ್ಷ ಶನಿವಾರಸಂತೆ ಬಳಿಯ ಮುಳ್ಳೂರಿನ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ನೆಟ್‌ವರ್ಕ್ ಸಿಗಲೆಂದು ಮರದ ಮೇಲೆ ಅಟ್ಟಣಿಗೆ ಕಟ್ಟಿ ಅಲ್ಲಿಂದಲೇ ಆನ್‌ಲೈನ್ ಪಾಠ ಮಾಡಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಎಲ್ಲರೂ ಮೆಚ್ಚಿದರು, ನಾನೂ ಮೆಚ್ಚಿದೆ. ಆದರೆ ಮೇಷ್ಟ್ರು ಮರ ಹತ್ತಬೇಕಾದ ವ್ಯವಸ್ಥೆಯನ್ನು ನೆಟ್ಟಗೆ ವ್ಯವಸ್ಥೆಯೆಂದು ಕರೆಯಲು ನನಗಂತೂ ಮನಸ್ಸು ಬರಲಿಲ್ಲ. ಹಾಗಾಗಿ ನಮ್ಮ ಗೋದಾಮಿಗೆ ಒಂದು ನಿಯಮ ಮಾಡಿಕೊಂಡೆ: ಪೆನ್‌ಡ್ರೈವಿನಲ್ಲಿ ಹಿಡಿಯದ ಪಾಠ ಇಲ್ಲಿ ಬೇಡ.

ದೀಕ್ಷಾ ಈ ನಿಯಮದಲ್ಲಿ ಪಾಸಾಯಿತು. 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದಂದೇ, ಕೇಂದ್ರ ಸರ್ಕಾರ ಆರಂಭಿಸಿದ ಈ ಡಿಜಿಟಲ್ ಕಲಿಕಾ ವೇದಿಕೆ ಏಕ್‌ಸ್ಟೆಪ್ ಪ್ರತಿಷ್ಠಾನದ ‘ಸನ್‌ಬರ್ಡ್’ ಎಂಬ ಮುಕ್ತ ತಂತ್ರಾಂಶದ ಮೇಲೆ ನಿಂತಿದೆ. ನಮ್ಮ ರಾಜ್ಯದ ಪಠ್ಯಪುಸ್ತಕಗಳಲ್ಲಿ ಅಧ್ಯಾಯದ ಪಕ್ಕ ಮುದ್ರಿಸಿರುವ ಕ್ಯೂಆರ್ ಸಂಕೇತವನ್ನು ಮೊಬೈಲಿನಿಂದ ಸ್ಕ್ಯಾನ್ ಮಾಡಿದರೆ ಆ ಅಧ್ಯಾಯಕ್ಕೆ ಜೋಡಿಸಿದ ಸಾಮಗ್ರಿ ತೆರೆದುಕೊಳ್ಳುತ್ತದೆ. ಹೇಳಲು ಸುಲಭ. ಆದರೆ ಇಲ್ಲಿ ಆಗಸ್ಟ್ ಹೊತ್ತಿಗೆ ಚೀಲದೊಳಗಿನ ಪುಸ್ತಕ ತೇವ ಹೀರಿ ಹಲಸಿನ ಹಪ್ಪಳದಂತೆ ಸುರುಟಿಕೊಂಡಿರುತ್ತದೆ, ಚೌಕದ ಮೇಲೆ ನೀರಿನ ಕಲೆ ಹರಡಿರುತ್ತದೆ, ಕ್ಯಾಮೆರಾ ಎಷ್ಟು ಹತ್ತಿರ ಹಿಡಿದರೂ ಅದು ಓದುವುದಿಲ್ಲ. ಇದಕ್ಕೊಂದು ದಾರಿ ಆ ಚೌಕದ ಬುಡದಲ್ಲೇ ಇದೆ. ಅಲ್ಲಿ ಅಕ್ಷರ ಮತ್ತು ಅಂಕೆಗಳು ಬೆರೆತ 6 ಚಿಹ್ನೆಗಳ ಸಂಕೇತವೊಂದು ಅಚ್ಚಾಗಿರುತ್ತದೆ. ಅದನ್ನು ಆ್ಯಪ್‌ನಲ್ಲಿ ಕೈಯಿಂದ ಬರೆದರೂ ಅದೇ ಪಾಠ ಬರುತ್ತದೆ. ಮೂವತ್ತು ವರ್ಷ ಪುಸ್ತಕ ಹಿಡಿದು ಪಾಠ ಮಾಡಿದ ನನಗೆ ಇದನ್ನು ತೋರಿಸಿಕೊಟ್ಟವನು ಕೊನೆಯ ಬೆಂಚಿನ ಹುಡುಗ. ಈಗ ಜೂನ್‌ನಲ್ಲಿ ಪುಸ್ತಕ ಕೈಗೆ ಬಂದ ಕೂಡಲೇ ಎಲ್ಲ ಅಧ್ಯಾಯಗಳ ಸಂಕೇತಗಳನ್ನೂ ನೋಟ್‌ಬುಕ್ಕಿನ ಹಿಂಬದಿಯ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟುಕೊಳ್ಳುವುದು ನಮ್ಮಲ್ಲಿ ರೂಢಿಯಾಗಿದೆ. ಸಿದ್ದಾಪುರ ಪೇಟೆಗೆ ಹೋದಾಗ ಒಂದು ಫೋನಿನಲ್ಲಿ ಪಾಠಗಳನ್ನು ಇಳಿಸಿಕೊಂಡು, ಆ ಆ್ಯಪ್‌ನಿಂದಲೇ ಇಂಟರ್‌ನೆಟ್ ಇಲ್ಲದೆ ಇನ್ನೊಂದು ಫೋನಿಗೆ ದಾಟಿಸಲು ಬರುತ್ತದೆ.

ಪಾಠಗಳ ಗುಣ? ಬಹುಪಾಲು ವಿಡಿಯೊಗಳು, ವಿಡಿಯೊ ಎಂದರೆ ಕೊನೆಗೂ ಒಬ್ಬರು ಹೇಳುವುದು, ಉಳಿದವರು ನೋಡುವುದು. ಹೇಳುವವರು ಬದಲಾದರೇ ಹೊರತು ಹೇಳುವ ರೀತಿ ಬದಲಾಗಲಿಲ್ಲ ಎಂದು ಮೊದಲ ತಿಂಗಳಲ್ಲಿ ನಾನು ಮೂಗು ಮುರಿದದ್ದುಂಟು. ಆ ಮಾತನ್ನು ಅರ್ಧ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಮನೆಯಲ್ಲಿ ಮಲಯಾಳ ಮಾತನಾಡುವ ಹುಡುಗನೊಬ್ಬ ‘ವಿಭವಾಂತರ’ದ, ಅಂದರೆ ವೋಲ್ಟೇಜಿನ, ವಿವರಣೆಯನ್ನು ಇಯರ್‌ಫೋನ್ ಹಾಕಿಕೊಂಡು ಹಿಂದಕ್ಕೆ ಮುಂದಕ್ಕೆ ಎಳೆದು ಮೂರು ಸಲ ಕೇಳುತ್ತಿದ್ದುದನ್ನು ಕಂಡೆ. ನನ್ನ ಬಳಿ ಅವನು ಅದನ್ನು ಎರಡನೆಯ ಸಲ ಹೇಳಿ ಎಂದು ಕೇಳಿದವನಲ್ಲ. ನಾನು ಸಿಡುಕುವ ಮೇಷ್ಟ್ರಲ್ಲ, ಆದರೆ ವೇಗವಾಗಿ ಮಾತನಾಡುವವನು ಎಂದು ಹೆಂಡತಿ ಹೇಳುತ್ತಾಳೆ. ಮೇಷ್ಟ್ರ ಬಾಯಿಗೆ ಇಲ್ಲದ ‘ನಿಲ್ಲಿಸು’ ಗುಂಡಿ ವಿಡಿಯೊಗಿದೆ. ಎರಡನೆಯ ಭಾಷೆಯಲ್ಲಿ ಕಲಿಯುವ ಮಗುವಿಗೆ ಅದು ಸಣ್ಣ ಸೌಲಭ್ಯವಲ್ಲ.

ಆದರೂ ಈ ವರ್ಷ ನನ್ನ ಪಾಠದ ಕ್ರಮವನ್ನೇ ಬದಲಿಸಿದ್ದು ದೀಕ್ಷಾ ಅಲ್ಲ, ಫೆಟ್. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಬೋಲ್ಡರ್ ಕೇಂದ್ರದಲ್ಲಿ 2002ರಲ್ಲಿ ಇದನ್ನು ಆರಂಭಿಸಿದವರು ಕಾರ್ಲ್ ವೀಮನ್. 2001ರಲ್ಲಿ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವರೊಬ್ಬರು. ಆ ಪ್ರಶಸ್ತಿಗೆ ಕಾರಣವಾದ ‘ಬೋಸ್-ಐನ್‌ಸ್ಟೈನ್ ಕಂಡೆನ್ಸೇಟ್’ ಎಂಬ ದ್ರವ್ಯಸ್ಥಿತಿಯ ಹೆಸರಿನಲ್ಲಿ ನಮ್ಮ ಸತ್ಯೇಂದ್ರನಾಥ ಬೋಸರೂ ಇದ್ದಾರೆ ಎಂಬುದನ್ನು ಮಕ್ಕಳಿಗೆ ಹೇಳದೆ ಬಿಡಲಾಗಲಿಲ್ಲ. ಭೌತ, ರಸಾಯನ, ಗಣಿತ, ಜೀವವಿಜ್ಞಾನಗಳಿಗೆ ಸೇರಿದ ನೂರಕ್ಕೂ ಹೆಚ್ಚು ಸಿಮ್ಯುಲೇಶನ್‌ಗಳು, ಅಂದರೆ ತೆರೆಯ ಮೇಲೆ ಮಕ್ಕಳೇ ಮಾಡಿ ನೋಡಬಹುದಾದ ಅಣಕು ಪ್ರಯೋಗಗಳು, ಅಲ್ಲಿ ಉಚಿತವಾಗಿವೆ. ನಾವು ಬಳಸಿದವೆಲ್ಲ ಒಂದೊಂದೂ ಒಂದೇ ಎಚ್‌ಟಿಎಂಎಲ್ ಕಡತದಷ್ಟು. ಒಮ್ಮೆ ಇಳಿಸಿಕೊಂಡರೆ ಸಾಮಾನ್ಯ ಬ್ರೌಸರಿನಲ್ಲಿ, ಇಂಟರ್‌ನೆಟ್ ಇಲ್ಲದೆ, ಲಾಗಿನ್ ಇಲ್ಲದೆ, ಜಾಹೀರಾತಿಲ್ಲದೆ ಓಡುತ್ತವೆ. ಸ್ವಯಂಸೇವಕರು ಹಲವು ಸಿಮ್ಯುಲೇಶನ್‌ಗಳನ್ನು ಕನ್ನಡಕ್ಕೆ ತಂದಿದ್ದಾರೆ. ಎಲ್ಲವೂ ಬಂದಿಲ್ಲ, ಮತ್ತು ಪಠ್ಯಪುಸ್ತಕದ ಪಾರಿಭಾಷಿಕ ಪದವೇ ತೆರೆಯ ಮೇಲೂ ಸಿಗುತ್ತದೆಂಬ ಖಾತರಿಯಿಲ್ಲ. ಪಾಠಕ್ಕೆ ಮುನ್ನ ಮೇಷ್ಟ್ರು ಒಮ್ಮೆ ಓದಿಕೊಂಡು, ಬೋರ್ಡಿನ ಮೂಲೆಯಲ್ಲಿ ಎರಡೂ ಕಡೆಯ ಪದಗಳನ್ನು ಜೋಡಿಸಿ ಬರೆಯುವುದು ಒಳ್ಳೆಯದು.

ವಿದ್ಯುನ್ಮಂಡಲ (ಸರ್ಕ್ಯೂಟ್) ಕಟ್ಟುವ ಸಿಮ್ಯುಲೇಶನ್ ಒಂದನ್ನೇ ಹತ್ತಿರದಿಂದ ನೋಡೋಣ. ಎಡಗಡೆ ಒಂದು ಪೆಟ್ಟಿಗೆಯಲ್ಲಿ ತಂತಿ, ಬ್ಯಾಟರಿ, ಬಲ್ಬು, ರೋಧಕ, ಸ್ವಿಚ್ಚು. ಬೇಕಾದ್ದನ್ನು ಎಳೆದು ತಂದು ತುದಿಗೆ ತುದಿ ಸೇರಿಸಬೇಕು. ಮಂಡಲ ಪೂರ್ಣವಾದ ಕೂಡಲೇ ತಂತಿಯೊಳಗೆ ನೀಲಿ ಎಲೆಕ್ಟ್ರಾನುಗಳು ಸಾಲಾಗಿ ಹೊರಡುತ್ತವೆ. 9 ವೋಲ್ಟ್ ಬ್ಯಾಟರಿಗೆ 10 ಓಮ್ ಬಲ್ಬು ಒಂದನ್ನು ಜೋಡಿಸಿ ಅಮ್ಮೀಟರ್ ಇಟ್ಟರೆ 0.9 ಆಂಪಿಯರ್. ಅಂಥದ್ದೇ ಎರಡನೆಯ ಬಲ್ಬನ್ನು ಸರಣಿಯಲ್ಲಿ (ಒಂದರ ಹಿಂದೆ ಒಂದಾಗಿ) ಸೇರಿಸಿದರೆ 0.45, ಸಮಾಂತರವಾಗಿ (ಬೇರೆ ಬೇರೆ ಕವಲುಗಳಲ್ಲಿ) ಸೇರಿಸಿದರೆ ಬ್ಯಾಟರಿಯಿಂದ ಹೊರಡುವ ಪ್ರವಾಹ 1.8. ಈ ಮೂರು ಸಂಖ್ಯೆಗಳನ್ನು ನಾನು ಬೋರ್ಡಿನ ಮೇಲೆ ಎಷ್ಟು ಸಾವಿರ ಸಲ ಲೆಕ್ಕ ಮಾಡಿ ತೋರಿಸಿದ್ದೇನೋ. ಮಕ್ಕಳು ಲೆಕ್ಕ ಬರೆದುಕೊಂಡು ಅಂಕ ತೆಗೆಯುತ್ತಿದ್ದರು, ಆದರೆ ಬಲ್ಬು ಹೆಚ್ಚಾದರೆ ಪ್ರವಾಹ ಹೆಚ್ಚುವುದು ಹೇಗೆ ಎಂಬ ಅನುಮಾನ ಅವರ ಮುಖದಲ್ಲಿ ಹಾಗೇ ಉಳಿಯುತ್ತಿತ್ತು. ಇಲ್ಲಿ ಅವರೇ ಕವಲು ಹಾದಿಯೊಂದನ್ನು ಕಟ್ಟುತ್ತಾರೆ, ನೀಲಿ ಚುಕ್ಕಿಗಳ ಸಾಲು ಎರಡಾಗಿ ಒಡೆಯುವುದನ್ನು ನೋಡುತ್ತಾರೆ, ಆಮೇಲೆ ಸೂತ್ರ ಕೇಳುತ್ತಾರೆ. ಮೊದಲೆಲ್ಲ ನಾನು ಸೂತ್ರ ಕೊಟ್ಟು ಪ್ರಯೋಗಕ್ಕೆ ಹೋಗುತ್ತಿದ್ದೆ. ಈ ಕ್ರಮ ತಲೆಕೆಳಗಾದದ್ದೇ ನನ್ನ ಪಾಲಿಗೆ ತಂತ್ರಜ್ಞಾನ ತಂದ ನಿಜವಾದ ಬದಲಾವಣೆ.

ಒಬ್ಬಳು ಬ್ಯಾಟರಿಯ ಎರಡೂ ತುದಿಗಳಿಗೆ ಬರಿಯ ತಂತಿ ಸುತ್ತಿದಳು. ಬ್ಯಾಟರಿಗೆ ಬೆಂಕಿ ಹತ್ತಿತು, ಗೋಡೆಯ ತುಂಬ ಜ್ವಾಲೆ, ಗೋದಾಮಿನ ತುಂಬ ನಗು. ಹ್ರಸ್ವಮಂಡಲದ (ಶಾರ್ಟ್ ಸರ್ಕ್ಯೂಟ್) ಪಾಠ ಅಲ್ಲಿಗೆ ಮುಗಿದಂತೆಯೇ. ಪ್ರಯೋಗಾಲಯದಲ್ಲಿ ಹೀಗೆ ಮಾಡಿದ್ದರೆ ನಾನು ಗದರಿಸುತ್ತಿದ್ದೆ, ಅವಳು ಆಮೇಲೆ ತಂತಿ ಮುಟ್ಟುತ್ತಲೇ ಇರಲಿಲ್ಲ. ತಪ್ಪು ಮಾಡಿದರೂ ದುಡ್ಡು ಹೋಗದ, ಬೆರಳು ಸುಡದ ಜಾಗ ಅದು.

ಆದರೆ ಆ ಜಾಗದಲ್ಲೇ ಉಳಿದರೆ ಅಪಾಯವಿದೆ, ಅದು ಮರುವಾರ ತಿಳಿಯಿತು. ಟಾರ್ಚಿನ ಸೆಲ್ಲು, ಸಣ್ಣ ಬಲ್ಬುಗಳು, ಕಾಲು ಮೀಟರ್ ತಂತಿ ಕೊಟ್ಟು ಅದೇ ಸಮಾಂತರ ಜೋಡಣೆಯನ್ನು ಕೈಯಲ್ಲಿ ಮಾಡಲು ಹೇಳಿದೆ. ಎರಡನೆಯ ಬಲ್ಬು ಹೊತ್ತಿದಾಗ ಮೊದಲನೆಯದು ತುಸು ಮಂಕಾಯಿತು, ಮೂರನೆಯದು ಸೇರಿದಾಗ ಇನ್ನಷ್ಟು. “ಗೋಡೆ ಮೇಲೆ ಹೀಗೆ ಆಗ್ಲಿಲ್ವಲ್ಲ ಸಾರ್?” ಎಂದು ಕೇಳಿದರು. ನಿಜ, ಆಗಿರಲಿಲ್ಲ. ಸಿಮ್ಯುಲೇಶನ್‌ನ ಬ್ಯಾಟರಿ ಮೊದಲಿಗೆ ಆಂತರಿಕ ರೋಧವಿಲ್ಲದ, ಅಂದರೆ ತನ್ನೊಳಗೆ ಪ್ರವಾಹಕ್ಕೆ ಯಾವ ತಡೆಯೂ ಇಲ್ಲದ, ಆದರ್ಶ ಬ್ಯಾಟರಿ. ನಮ್ಮ ಕಿರಾಣಿ ಅಂಗಡಿಯ ಸೆಲ್ಲು ಹಾಗಲ್ಲ. ಆದರೆ ಅದೇ ತೆರೆಯ ಬದಿಯಲ್ಲಿ ಹೆಚ್ಚಿನ ಆಯ್ಕೆಗಳ ಪಟ್ಟಿಯೊಂದಿದೆ, ಅಲ್ಲಿ ಬ್ಯಾಟರಿಯ ರೋಧವನ್ನು ಏರಿಸಬಹುದು. ಏರಿಸಿದೆವು, ಗೋಡೆಯ ಮೇಲಿನ ಬಲ್ಬೂ ಮಂಕಾಯಿತು. ಸೆಲ್ಲು ಕೈಯಲ್ಲಿರದಿದ್ದರೆ ಆ ಪ್ರಶ್ನೆ ಹುಟ್ಟುತ್ತಿರಲಿಲ್ಲ, ಸಿಮ್ಯುಲೇಶನ್ ಇರದಿದ್ದರೆ ಅದಕ್ಕೆ ಅಂದೇ ಸಂಜೆ ಉತ್ತರ ಸಿಗುತ್ತಿರಲಿಲ್ಲ. ಎರಡನ್ನೂ ಒಂದೇ ಮೇಜಿನ ಮೇಲಿಡಬೇಕೆಂಬುದು ಈ ಸಾಧನ ಕೊಳ್ಳುವವರಿಗೆ, ಅಂದರೆ ಇಳಿಸಿಕೊಳ್ಳುವವರಿಗೆ, ನನ್ನ ಮುಖ್ಯ ಶಿಫಾರಸು. ಸೆಲ್ಲು, ಬಲ್ಬಿಗೆ ಆದ ಖರ್ಚು ನನ್ನ ವಾರದ ಎಲೆ ಅಡಿಕೆಯ ಖರ್ಚಿಗಿಂತ ಕಡಿಮೆ.

ಇನ್ನು ಆನೆ. ಪೆಟ್ಟಿಗೆಯಲ್ಲಿ ತಂತಿ, ಬಲ್ಬಿನ ಜೊತೆಗೆ ನಾಣ್ಯ, ಪೆನ್ಸಿಲು, ರಬ್ಬರು, ಅಮೆರಿಕದ ನೋಟು, ಮನುಷ್ಯನ ಕೈ ಮತ್ತು ಒಂದು ನಾಯಿಯೂ ಇವೆ. ಯಾವುದರ ಮೂಲಕ ವಿದ್ಯುತ್ತು ಹರಿಯುತ್ತದೆ, ಯಾವುದರ ಮೂಲಕ ಹರಿಯುವುದಿಲ್ಲ ಎಂದು ಹಚ್ಚಿ ನೋಡಲಿಕ್ಕೆ. ನೋಟು ಯಾವ ದೇಶದ್ದೆಂಬ ಚರ್ಚೆಯಲ್ಲಿ ಹತ್ತು ನಿಮಿಷ ಹೋಯಿತು. ಆಮೇಲೆ ಯಾರೋ ನಾಯಿಯನ್ನು ಎಳೆದು ತಂದು, “ಇದು ಆನೆ ಅಂತ ಇಟ್ಕೊಳಿ ಸಾರ್, ಇದು ಸೋಲಾರ್ ಬೇಲಿ” ಎಂದು ಮಂಡಲಕ್ಕೆ ಸೇರಿಸಿದರು. ಸಿದ್ದಾಪುರದ ಸುತ್ತ ಬೆಳೆಯುವ ಮಕ್ಕಳಿಗೆ ವಿದ್ಯುತ್ ಎಂದರೆ ಮೊದಲು ನೆನಪಾಗುವುದು ಬಲ್ಬಲ್ಲ, ಆನೆಗಳನ್ನು ತಡೆಯಲು ಹಾಕಿದ ಆ ವಿದ್ಯುತ್ ತಂತಿಯ ಬೇಲಿ. ಬೇಲಿಯಲ್ಲಿ ಪ್ರವಾಹ ಸದಾ ಹರಿಯುತ್ತಿರುವುದಿಲ್ಲ. ಸುಮಾರು ಸೆಕೆಂಡಿಗೊಮ್ಮೆ ಕೆಲವು ಸಾವಿರ ವೋಲ್ಟಿನ, ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಮುಗಿಯುವ ಮಿಡಿತವೊಂದು ಹೋಗುತ್ತದೆ. ತಂತಿ ಮುಟ್ಟಿದ ಆನೆಯ ಮೈಯಿಂದ ಅದು ನೆಲಕ್ಕಿಳಿದು, ನೆಲದಲ್ಲಿ ಹೂತ ಸರಳಿನ ಮೂಲಕ ಯಂತ್ರಕ್ಕೆ ಮರಳುತ್ತದೆ. ಅಂದರೆ ಆನೆ ಬರುವವರೆಗೆ ಮಂಡಲ ಅಪೂರ್ಣ, ಆನೆಯೇ ಅದರ ಸ್ವಿಚ್ಚು. ಒಂಟಿ ತಂತಿಯ ಮೇಲೆ ಕುಳಿತ ಹಕ್ಕಿಗೆ ಏನೂ ಆಗದ್ದೇಕೆಂಬುದೂ ಇಲ್ಲೇ ತಿಳಿಯಿತು. ಸಿಮ್ಯುಲೇಶನ್‌ನಲ್ಲಿ ನೆಲವಿಲ್ಲ, ಹೀಗಾಗಿ ಈ ಭಾಗವನ್ನು ಸೀಮೆಸುಣ್ಣದಲ್ಲೇ ಬರೆಯಬೇಕಾಯಿತು.

ಅಷ್ಟರಲ್ಲಿ, ತಂದೆ ತೋಟದಲ್ಲಿ ಬೇಲಿಯಡಿ ಕಳೆ ಸವರುವ ಕೆಲಸ ಮಾಡುವ ಹುಡುಗ, ವರ್ಷವಿಡೀ ಬಾಯಿ ತೆರೆಯದವನು, ಎದ್ದು ನಿಂತು ಕೇಳಿದ: ಮಳೆಗಾಲದಲ್ಲಿ ಹುಲ್ಲು ಬೆಳೆದು ತಂತಿಗೆ ತಾಗಿದರೆ ಬೇಲಿಗೆ ‘ಪವರ್ ಬರಲ್ಲ’ ಎಂದು ಅಪ್ಪ ಹೇಳುತ್ತಾರೆ, ಅದು ಸಮಾಂತರ ಜೋಡಣೆಯೇ? ಹೌದು, ಒಂದೊಂದು ಹಸಿ ಹುಲ್ಲಿನ ಎಸಳೂ ನೆಲಕ್ಕೊಂದು ಕವಲು ಹಾದಿ. ಎಸಳು ಹೆಚ್ಚಾದಷ್ಟು ಒಟ್ಟು ರೋಧ ಇಳಿಯುತ್ತದೆ, ಸೋರಿಕೆ ಏರುತ್ತದೆ, ಆನೆಗೆ ಮುಟ್ಟಬೇಕಾದ ಹೊಡೆತ ಹುಲ್ಲಿನಲ್ಲೇ ಹಂಚಿಹೋಗುತ್ತದೆ. ಅವನೇ ಲ್ಯಾಪ್‌ಟಾಪಿನ ಮುಂದೆ ಕುಳಿತು ನಾಯಿಯ ಪಕ್ಕದಲ್ಲಿ ಒಂದೊಂದಾಗಿ ರೋಧಕಗಳನ್ನು ಇಟ್ಟು, ಬ್ಯಾಟರಿಯ ಆಂತರಿಕ ರೋಧ ಏರಿಸಿ, ನಾಯಿಯ ಎರಡು ತುದಿಗಳ ನಡುವಿನ ವೋಲ್ಟೇಜು ಬೀಳುವುದನ್ನು ತೋರಿಸಿದ. ನನ್ನ ನೆರವು ಬೇಕಾಗಲಿಲ್ಲ.

ಹಣ ಕೊಟ್ಟು ಕೊಂಡ ಮೂರನೆಯದರ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ಹೆಸರು ಬೇಡ. ತೋಟದ ಡ್ರೈವರೊಬ್ಬರು ಮಗಳಿಗೆಂದು ಕಂತಿನ ಮೇಲೆ ಕೊಂಡ ಕಲಿಕಾ ಟ್ಯಾಬ್ಲೆಟ್ ಅದು. ಮನೆಗೆ ಬಂದು ಮಾರಿದ ಹುಡುಗ ಕನ್ನಡ ಮಾಧ್ಯಮವೆಂದು ಹೇಳಿದ್ದ. ಕನ್ನಡ ಇದ್ದದ್ದು ಧ್ವನಿಯಲ್ಲಿ ಮಾತ್ರ, ಅದೂ ಆರಂಭದ ಅಧ್ಯಾಯಗಳಲ್ಲಿ. ತೆರೆಯ ಮೇಲಿನ ಬರಹ, ಪರೀಕ್ಷೆಯ ಪ್ರಶ್ನೆ, ಎಲ್ಲವೂ ಇಂಗ್ಲಿಷು. ಪಾಠಗಳು ಮೆಮೊರಿ ಕಾರ್ಡಿನಲ್ಲೇ ಇದ್ದರೂ ಕೆಲವು ದಿನಗಳಿಗೊಮ್ಮೆ ತಂದೆಯ ಫೋನಿಗೆ ಬರುವ ಒಟಿಪಿ ಕೊಡದೆ ಅವು ತೆರೆಯುತ್ತಿರಲಿಲ್ಲ. ಆಗಸ್ಟ್‌ನಲ್ಲಿ ಸಿಗ್ನಲ್ ಇಲ್ಲದ ಮೂರು ದಿನ, ಮಳೆಗೆ ರಜೆ ಘೋಷಣೆಯಾಗಿ ಮಗಳು ಓದಲು ಕುಳಿತ ಅದೇ ಮೂರು ದಿನ, ಟ್ಯಾಬ್ಲೆಟ್ ಬೀಗ ಹಾಕಿದ ಪೆಟ್ಟಿಗೆಯಂತೆ ಮೇಜಿನ ಮೇಲೆ ಬಿದ್ದಿತ್ತು. ಹಿಂದಿರುಗಿಸಲು ಫೋನ್ ಮಾಡಿದರೆ ಅವಧಿ ಮೀರಿದೆ ಎಂಬ ಉತ್ತರ. ಕಂತು ಇನ್ನೂ ಕಟ್ಟುತ್ತಿದ್ದಾರೆ. ಕೊಳ್ಳುವ ಮುನ್ನ ಫೋನಿನ ಇಂಟರ್‌ನೆಟ್ ಆರಿಸಿ, ಟ್ಯಾಬ್ಲೆಟ್ ಆರಿಸಿ ಮತ್ತೆ ಹಚ್ಚಿ, ಕೊನೆಯ ಅಧ್ಯಾಯವನ್ನು ತೆರೆದು ತೋರಿಸಲು ಮಾರುವವರಿಗೆ ಹೇಳಿ. ಒಪ್ಪದಿದ್ದರೆ ಕಾಫಿ ಕೊಟ್ಟು ಕಳಿಸಿ.

ಫೆಟ್ ಬಳಸುವವರಿಗೆ ಬೇಕಾದದ್ದು ಇಷ್ಟು: ಬ್ರೌಸರ್ ಹಳೆಯದಾದರೆ ಮೊದಲು ಹೊಸದು ಮಾಡಿಕೊಳ್ಳಿ, ಕಡತಗಳನ್ನು ಎರಡು ಪೆನ್‌ಡ್ರೈವಿನಲ್ಲಿಡಿ. ಚಿಕ್ಕ ಮೊಬೈಲ್ ತೆರೆಯಲ್ಲಿ ತಂತಿಯ ತುದಿಗಳನ್ನು ಬೆರಳಿನಿಂದ ಸೇರಿಸುವುದು ಕಷ್ಟ, ಮೌಸ್ ಇದ್ದರೆ ಸುಲಭ. ಪ್ರೊಜೆಕ್ಟರ್ ವಿಷಯದಲ್ಲಿ ಮಾತ್ರ ನಾನು ಕೈ ಸುಟ್ಟುಕೊಂಡೆ. ಮೊದಲ ಮಳೆಗಾಲದಲ್ಲಿ ಅದನ್ನು ಕಪಾಟಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದೆ, ಸೆಪ್ಟೆಂಬರ್‌ನಲ್ಲಿ ತೆಗೆದಾಗ ಮಸೂರದ ಮೇಲೆ ಬೂಷ್ಟು ಜೇಡರ ಬಲೆಯಂತೆ ಹಬ್ಬಿತ್ತು. ಈಗ ಅದು, ಎರಡು ಪೆನ್‌ಡ್ರೈವ್ ಮತ್ತು ಸೆಲ್ಲುಗಳ ಜೊತೆ, ತೇವ ಹೀರುವ ಸಿಲಿಕಾ ಪೊಟ್ಟಣಗಳಿಟ್ಟ ಬಿಸ್ಕತ್ತಿನ ಡಬ್ಬಿಯಲ್ಲಿ, ಬಂಗಲೆಯ ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿದೆ.