ಹುಲಿ ಎಣಿಕೆಗೆ ಯಾವುದು: ಕ್ಯಾಮೆರಾ ಟ್ರ್ಯಾಪೋ, ಮಲದ ಡಿಎನ್‌ಎಯೋ?

ನಾಗರಹೊಳೆ, ಬಂಡೀಪುರದಂತೆ ಹುಲಿ ದಟ್ಟವಾಗಿರುವ ಕಾಡಾದರೆ ಹೆಚ್ಚು ಯೋಚಿಸಬೇಕಿಲ್ಲ, ಪ್ರಾಣಿ ಹಾದುಹೋದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಆರಿಸಿಕೊಳ್ಳಿ. ಸುಮಾರು 2 ಚದರ ಕಿ.ಮೀ.ಗೆ ಒಂದು ಜಾಗ, ಪ್ರತಿ ಜಾಗಕ್ಕೆ ಎರಡು ಕ್ಯಾಮೆರಾ. ಒಂದೊಂದು ಹುಲಿಯನ್ನೂ ಗುರುತಿಸುವುದು ಅದರ ಪಟ್ಟೆಯಿಂದ, ಆದರೆ ಎಡಮೈಯ ಪಟ್ಟೆ ಬಲಮೈಯ ಪಟ್ಟೆಯಂತಿರುವುದಿಲ್ಲ; ಒಂದೊಂದೇ ಬದಿಯ ಚಿತ್ರ ಸಿಕ್ಕರೆ ಒಂದೇ ಹುಲಿ ಎರಡಾಗಿ ಲೆಕ್ಕಕ್ಕೆ ಬರಬಹುದು. ಮೊಣಕಾಲೆತ್ತರದಲ್ಲಿ, ದಾರಿಯ ಎರಡೂ ಬದಿಗೆ ಕಟ್ಟಿ. ನೇರ ಎದುರುಬದುರು ಮಾತ್ರ ಬೇಡ, ಒಂದರ ಫ್ಲ್ಯಾಶ್ ಇನ್ನೊಂದರ ಚಿತ್ರವನ್ನು ಬೆಳ್ಳಗಾಗಿಸುತ್ತದೆ. ಮುಂದಿನ ಹುಲ್ಲು ಸವರದಿದ್ದರೆ ಗಾಳಿಗೆ ಅಲುಗಿದ ಹುಲ್ಲಿನ ಚಿತ್ರಗಳೇ ಕಾರ್ಡ್ ತುಂಬುತ್ತವೆ. ಕೆಲಸ 45ರಿಂದ 60 ದಿನದೊಳಗೆ ಮುಗಿಯಲಿ. ಎಳೆದಷ್ಟೂ ಸಾವು, ವಲಸೆ ನಡುವೆ ಸೇರಿ, ಎಣಿಕೆ ಮುಗಿಯುವವರೆಗೆ ಹುಲಿಗಳ ಸಂಖ್ಯೆ ಬದಲಾಗದು ಎಂಬ ಲೆಕ್ಕದ ಆಧಾರವೇ ಸಡಿಲವಾಗುತ್ತದೆ.

ಹುಲಿ ವಿರಳವಾಗಿರುವ, ಕ್ಯಾಮೆರಾ ಕಳುವಾಗುವ ಅಥವಾ ಆನೆ ಕಿತ್ತುಹಾಕುವ ಕಡೆ ಮಲದಲ್ಲಿನ ಡಿಎನ್‌ಎಯಿಂದ ಒಂದೊಂದು ಹುಲಿಯನ್ನು ಗುರುತಿಸುವುದು ವಾಸಿ. ಹೊರುವ ಸಾಮಾನು ಕಡಿಮೆ, ಗಂಡೋ ಹೆಣ್ಣೋ ಎಂಬುದೂ ತಿಳಿಯುತ್ತದೆ. ಆದರೆ ಬಿಸಿಲು, ಮಳೆಗೆ ಡಿಎನ್‌ಎ ಬೇಗ ಕೆಡುತ್ತದೆ. ಒಣ ಋತುವಿನಲ್ಲಿ ತಾಜಾ ಮಲವನ್ನೇ ಆರಿಸಿ, ತೇವ ಹೀರುವ ಸಿಲಿಕಾ ಜೆಲ್ ಅಥವಾ ಆಲ್ಕೋಹಾಲಿನಲ್ಲಿಡಿ. ಚಿರತೆಯ ಮಲವೂ ಬೆರೆತು ಬರುವುದರಿಂದ ಮೊದಲು ಪ್ರಭೇದ ಪರೀಕ್ಷೆ ಆಗಲೇಬೇಕು.

ಹೆಜ್ಜೆಗುರುತಿನಿಂದ ಹುಲಿಗಳನ್ನು ಒಂದೊಂದಾಗಿ ಎಣಿಸುವ ಹಳೆಯ ಪದ್ಧತಿ ಬೇಡವೇ ಬೇಡ. ರಾಜಸ್ಥಾನದ ಸಾರಿಸ್ಕಾ ಹುಲಿ ಮೀಸಲು ಪ್ರದೇಶದ ಕಾಗದದಲ್ಲಿ ಹುಲಿಗಳಿದ್ದವು, 2005ರ ಹೊತ್ತಿಗೆ ಕಾಡಿನಲ್ಲಿ ಒಂದೂ ಉಳಿದಿರಲಿಲ್ಲ. ಹುಲಿ ಓಡಾಡುವ ದಾರಿ ಪತ್ತೆಮಾಡಿ ಕ್ಯಾಮೆರಾ ಎಲ್ಲಿ ಕಟ್ಟಬೇಕೆಂದು ತೀರ್ಮಾನಿಸಲು ಮಾತ್ರ ಹೆಜ್ಜೆ ಇಂದಿಗೂ ಬಹಳ ನೆರವಾಗುತ್ತದೆ.