ವಿಡಿಯೋ ಹಸಿರಾದ್ರೆ ‘ಗ್ರಾಫಿಕ್ಸ್ ಚಿಪ್ ಹೋಗಿದೆ’ ಅಂತಾರೆ, ನಂಬಬೇಡಿ

ಲ್ಯಾಪ್‌ಟಾಪಲ್ಲಿ ಯೂಟ್ಯೂಬ್ ಹಾಕಿದ್ರೆ ಸೌಂಡ್ ಸರಿಯಾಗಿ ಬರತ್ತೆ, ಚಿತ್ರ ಬರೋ ಜಾಗದಲ್ಲಿ ಮಾತ್ರ ಬರೀ ಹಸಿರು. ನಿಮ್ಮನೇಲೂ ಹೀಗಾಗಿದ್ರೆ ದಯವಿಟ್ಟು ಅಂಗಡಿಗೆ ಓಡೋ ಮುಂಚೆ ಇದನ್ನ ಓದಿ. ನಮ್ಮ ಹತ್ರ 6,500 ರೂಪಾಯಿ ಕಿತ್ಕೊಂಡಿದಾರೆ. ದುಡ್ಡಿಗಿಂತ ಹೆಚ್ಚು ಹೊಟ್ಟೆ ಉರಿಸಿದ್ದು ಆಮೇಲೆ ಅವರು ಕೊಟ್ಟ ಉತ್ತರಗಳು.

ಮಗಳು ಸೆಕೆಂಡ್ ಪಿಯು ಸೈನ್ಸ್. ಸಿಇಟಿ ಪಾಠ ಎಲ್ಲಾ ವಿಡಿಯೋದಲ್ಲೇ. ಒಂದು ಸಂಜೆ ವಿಂಡೋಸ್ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆಯ್ತು, ಅವತ್ತಿಂದ ಶುರು. ಮೇಷ್ಟ್ರ ದನಿ ಕೇಳತ್ತೆ, ಬೋರ್ಡ್ ಮೇಲೆ ಏನು ಬರೀತಿದಾರೆ ಅಂತ ಕಾಣಲ್ಲ. ಮಿಕ್ಕಿದ್ದೆಲ್ಲ ಸರಿ ಇತ್ತು. ವರ್ಡ್ ಸರಿ, ಫೋಟೋ ಸರಿ. ಅಪ್‌ಡೇಟ್ ಆದ್ಮೇಲೆ ಹೀಗಾಗ್ತಿದೆ ಅಂತ ಅಂಗಡೀಲಿ ಬಾಯಿಬಿಟ್ಟು ಹೇಳಿದ್ದೆ. ನೆನಪಿಟ್ಕೊಳ್ಳಿ, ಹೇಳಿದ್ದೆ.

ಅಂಗಡಿ ನಮ್ಮ ತುಮಕೂರಲ್ಲೇ ಇದೆ, ಹೆಸರು ಬರೆಯಲ್ಲ. ಅಲ್ಲಿದ್ದೋನು ಲ್ಯಾಪ್‌ಟಾಪ್ ಆನ್ ಮಾಡಿ ಒಂದು ವಿಡಿಯೋ ಹಾಕಿದ್ದಷ್ಟೇ.

“ಅಕ್ಕಾ, ಗ್ರಾಫಿಕ್ಸ್ ಚಿಪ್ ಹೋಗಿದೆ.”

“ಅಪ್‌ಡೇಟ್ ಆಗೋವರೆಗೂ ಚೆನ್ನಾಗೇ ಇತ್ತಲ್ಲಪ್ಪಾ?”

“ಅದೇ ಅಕ್ಕಾ, ಅಪ್‌ಡೇಟ್ ಲೋಡು ಚಿಪ್ ತಡ್ಕೊಂಡಿಲ್ಲ. ಬೋರ್ಡ್ ಹೊಸದು ಹಾಕಿದ್ರೆ ಹದಿನೆಂಟು ಸಾವಿರ ಆಗತ್ತೆ. ರೀಬಾಲಿಂಗ್ ಮಾಡಿಸಿದ್ರೆ ಆರೂವರೇಲಿ ಮುಗಿಯತ್ತೆ. ಬಿಚ್ಚಿ ಬೆಂಗಳೂರಿಗೆ, ಎಸ್‌ಪಿ ರೋಡಿಗೆ ಕಳಿಸ್ತೀವಿ. ನಿಮಗೆ ಅಂತ ಹೇಳ್ತಿದೀನಿ.”

ಹದಿನೆಂಟು ಸಾವಿರ ಅಂತ ಮೊದಲು ಯಾಕೆ ಹೇಳಿದ ಅಂತ ಈಗ ಅರ್ಥ ಆಗ್ತಿದೆ. ಅದನ್ನ ಕೇಳಿದ್ಮೇಲೆ ಆರೂವರೆ ಅಗ್ಗ ಅನ್ಸತ್ತೆ. ವಿಸಿಟಿಂಗ್ ಕಾರ್ಡ್ ಹಿಂದೆ ‘6500’ ಅಂತ ಗೀಚಿ ಕೊಟ್ಟ, ರಸೀದಿ ಅಂದ್ರೆ ಅದೇ. ಪಾಸ್‌ವರ್ಡ್ ಬೇರೆ ಚೀಟಿ ಮೇಲೆ ಬರೆಸ್ಕೊಂಡ.

ವಾಪಸ್ ಬಂದಾಗ ವಿಡಿಯೋ ಬರ್ತಿತ್ತು. ಖುಷಿಯಾಗಿ ಫೋನ್‌ಪೇ ಮಾಡಿ ಬಂದ್ವಿ. ಆದ್ರೆ ಪಾಠ ಹಾಕಿದ ಹತ್ತು ನಿಮಿಷಕ್ಕೆ ಫ್ಯಾನ್ ಮಿಕ್ಸಿ ಥರ ಕಿರುಚೋಕೆ ಶುರು. ಕೈಯಿಟ್ರೆ ಕೀಬೋರ್ಡ್ ಬಿಸಿ. ಮುಂಚೆ ಹೀಗಿರ್ಲಿಲ್ಲ. ಫೋನ್ ಮಾಡಿದೆ. “ಚಿಪ್ ಈಗ ಹೊಸ ಥರ ಆಗಿದೆಯಲ್ಲ ಅಕ್ಕಾ, ಸೆಟ್ ಆಗೋಕೆ ಟೈಮ್ ಬೇಕು. ಬೇಕಾದ್ರೆ ಫ್ಯಾನ್ ಸರ್ವಿಸ್ ಮಾಡ್ಕೊಡ್ತೀವಿ, ಎಂಟುನೂರು.”

ಹೊಸ ಥರ ಆಗಿದೆಯಂತೆ!

ಬಯಲಾಗಿದ್ದು ಹೀಗೆ. ಕ್ರೋಮ್ ಯಾಕೋ ಹ್ಯಾಂಗ್ ಆಯ್ತು ಅಂತ ಮಗಳು ಎಡ್ಜ್‌ನಲ್ಲಿ ಅದೇ ಪಾಠ ಹಾಕಿದ್ಲು. ಮತ್ತೆ ಹಸಿರು. ಅದೇ ಹಸಿರು, ಅದೇ ಮೇಷ್ಟ್ರ ದನಿ. ಕ್ರೋಮ್‌ನಲ್ಲಿ ಹಾಕಿದ್ರೆ ಸರಿ, ಎಡ್ಜ್‌ನಲ್ಲಿ ಹಸಿರು. ಚಿಪ್ ರಿಪೇರಿ ಆಗಿದ್ರೆ ಒಂದು ಬ್ರೌಸರಿಗೆ ಸರಿ, ಇನ್ನೊಂದಕ್ಕೆ ಕೆಟ್ಟಿದ್ದು ಅಂತ ಇರತ್ತಾ?

ಅಕ್ಕನ ಮಗ ಐಟಿಯಲ್ಲಿದ್ದಾನೆ, ಅವನಿಗೆ ವಿಡಿಯೋ ಕಾಲ್ ಮಾಡಿದ್ವಿ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ಅಂತ ಇರತ್ತಲ್ಲ, ಅಲ್ಲಿಗೆ ಹೋಗಿಸಿದ. ‘ಯೂಸ್ ಗ್ರಾಫಿಕ್ಸ್ ಆಕ್ಸಲರೇಷನ್ ವೆನ್ ಅವೈಲಬಲ್’ ಅನ್ನೋ ಬಟನ್ ಆಫ್ ಆಗಿತ್ತು. ಆನ್ ಮಾಡಿ ಕ್ರೋಮ್ ಮತ್ತೆ ಓಪನ್ ಮಾಡಿದ್ವಿ, ಹಸಿರು. ಆಫ್ ಮಾಡಿದ್ವಿ, ಸರಿ. “ಚಿಕ್ಕಮ್ಮ, ಅವರು ಮಾಡಿರೋದು ಇಷ್ಟೇ” ಅಂದ. “ಲ್ಯಾಪ್‌ಟಾಪ್ ತಿರುಗಿಸಿ, ಬಿಚ್ಚಿರೋ ಗುರುತು ಇದೆಯಾ ನೋಡಿ.”

ತಿರುಗಿಸಿದೆ. ಕೆಳಗಿನ ಮುಚ್ಚಳ ಕೂಡೋ ಸಂದಿ ಮೇಲೆ ಮಗಳು ಯಾವಾಗಲೋ ಅಂಟಿಸಿದ್ದ ಪಾಂಡಾ ಸ್ಟಿಕ್ಕರ್ ಇದೆ. ಅರ್ಧ ಮುಚ್ಚಳದ ಮೇಲೆ, ಅರ್ಧ ಪಕ್ಕದ ಅಂಚಿನ ಮೇಲೆ. ಹಳೇದಾಗಿ ಅಂಟು ಹೊರಗೆ ಬಂದು ಸುತ್ತ ಕಪ್ಪು ಗೆರೆ ಕೂತಿದೆ. ಆ ಕಪ್ಪು ಗೆರೆ ಕೂಡ ಹಾಗೇ ಇತ್ತು. ಒಂದು ಸುಕ್ಕಿಲ್ಲ, ಒಂದು ಹರಕಿಲ್ಲ. ಬೆಂಗಳೂರಿಗೆ ಹೋಗಿ ಬಂತಂತೆ ಬೋರ್ಡು! ಮುಚ್ಚಳವನ್ನೇ ತೆಗೆದಿಲ್ಲ. ನಾನು ಅಲ್ಲೇ ಮಂಚದ ಮೇಲೆ ಕೂತ್ಬಿಟ್ಟೆ. ಮಗಳ ಮುಖ ನೋಡೋಕೂ ನಾಚಿಕೆ ಆಯ್ತು.

ಮಾರನೇ ದಿನ ಅಂಗಡಿಗೆ ಹೋದೆ. ಈಗ ನಾನು ಅಕ್ಕ ಅಲ್ಲ, ಮೇಡಂ.

“ಮೇಡಂ, ಸ್ಟಿಕ್ಕರ್ ನಾವೇ ಹುಷಾರಾಗಿ ಬಿಡಿಸಿ ಮತ್ತೆ ಅಂಟಿಸಿದ್ವಿ.”

ಕಪ್ಪು ಗೆರೆನೂ ಅಂಟಿಸಿದ್ರಾ ಅಂತ ಕೇಳಿದೆ. ಆಗ ಇನ್ನೊಬ್ಬ, ಓನರ್ ಇರಬೇಕು, ಬಂದ. “ಮೇಡಂ, ಇದು ಸಾಫ್ಟ್‌ವೇರ್ ರೀಬಾಲಿಂಗ್. ಬಿಚ್ಚೋ ಅವಶ್ಯಕತೆ ಇರಲ್ಲ. ನಿಮಗೆ ಟೆಕ್ನಿಕಲ್ ಗೊತ್ತಾಗಲ್ಲ.”

ಸಾಫ್ಟ್‌ವೇರ್ ರೀಬಾಲಿಂಗ್ ಅಂತೆ ಸ್ವಾಮಿ. ರೀಬಾಲಿಂಗ್ ಅಂದ್ರೆ ಚಿಪ್ಪಿಗೆ ಬಿಸಿ ಕೊಟ್ಟು ಬೋರ್ಡಿಂದ ಎಬ್ಬಿಸಿ, ಅಡಿಯಲ್ಲಿರೋ ಸಣ್ಣ ಸಣ್ಣ ಬೆಸುಗೆ ಗುಂಡುಗಳನ್ನ ತೆಗೆದು ಹೊಸದು ಕೂರಿಸೋದು. ಬಿಚ್ಚದೆ ಅದನ್ನ ಮಾಡೋಕೆ ಮಂತ್ರ ಬರಬೇಕು. ಇನ್ನೂ ಕೇಳಿ, ನಮ್ಮದು ಮಾಮೂಲಿ ಐ3 ಲ್ಯಾಪ್‌ಟಾಪ್. ಅದರಲ್ಲಿ ಬೇರೆ ಗ್ರಾಫಿಕ್ಸ್ ಚಿಪ್ಪೇ ಇಲ್ಲ, ಗ್ರಾಫಿಕ್ಸ್ ಪ್ರೊಸೆಸರ್ ಒಳಗೇ ಇದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ತೆಗೆದ್ರೆ ಇಂಟೆಲ್‌ದು ಒಂದೇ ಕಾಣತ್ತೆ. ಇಲ್ಲದೇ ಇರೋ ಚಿಪ್ ಹೋಗಿತ್ತು, ಅದನ್ನ ಇವರು ರಿಪೇರಿನೂ ಮಾಡಿದ್ರು!

ಕೊನೆಗೆ ಓನರ್ ಹೇಳಿದ್ದು: “ವಿಡಿಯೋ ಬರ್ತಿರ್ಲಿಲ್ಲ, ಬರೋ ಹಾಗೆ ಮಾಡಿಕೊಟ್ವಿ. ನಿಮ್ಮ ಕೆಲಸ ಆಯ್ತಾ ಇಲ್ವಾ?”

ಆಗಿಲ್ಲ. ಏನಾಗಿತ್ತು ಅಂದ್ರೆ, ಬ್ರೌಸರ್ ವಿಡಿಯೋ ಬಿಡಿಸೋ ಭಾರನ ಗ್ರಾಫಿಕ್ಸ್‌ಗೆ ವಹಿಸತ್ತೆ. ಅಪ್‌ಡೇಟ್ ಜೊತೆ ಬಂದ ಗ್ರಾಫಿಕ್ಸ್ ಡ್ರೈವರ್, ಅಂದ್ರೆ ಗ್ರಾಫಿಕ್ಸನ್ನ ನಡೆಸೋ ಸಾಫ್ಟ್‌ವೇರ್, ನಮ್ಮದಕ್ಕೆ ಹೊಂದಿಕೆ ಆಗ್ಲಿಲ್ಲ, ಚಿತ್ರ ಕೆಡ್ತು. ಸೌಂಡ್ ದಾರಿನೇ ಬೇರೆ, ಅದಕ್ಕೇ ಅದು ಸರಿ ಇತ್ತು. ಬಟನ್ ಆಫ್ ಮಾಡಿದಾಗ ಆ ಭಾರ ಎಲ್ಲ ಪ್ರೊಸೆಸರ್‌ನ ಗ್ರಾಫಿಕ್ಸ್ ಬಿಟ್ಟು ಮಿಕ್ಕ ಭಾಗದ, ಅಂದ್ರೆ ಸಿಪಿಯು ಮೇಲೆ ಬಿತ್ತು. ಹಸಿರು ಹೋಯ್ತು, ಬದಲಿಗೆ ಫ್ಯಾನ್ ಕಿರುಚಾಟ, ಬಿಸಿ, ಬೇಗ ಇಳಿಯೋ ಬ್ಯಾಟರಿ. ವಿಡಿಯೋ ಓಡ್ತಿರೋವಾಗ ಟಾಸ್ಕ್ ಮ್ಯಾನೇಜರ್ ತೆಗೆದ್ರೆ ಸಿಪಿಯು 90 ಪರ್ಸೆಂಟ್ ಮೇಲೆ ತೋರಿಸ್ತಿತ್ತು. ರೋಗ ಹಾಗೇ ಬಿಟ್ಟು ನೋವಿನ ಮಾತ್ರೆ ಕೊಟ್ಟು, ಅದರ ಮೇಲೆ ಎಂಟುನೂರಕ್ಕೆ ಫ್ಯಾನ್ ಸರ್ವಿಸ್ ಮಾರೋಕೆ ನೋಡಿದ್ರು.

ಅಕ್ಕನ ಮಗ ಮೊದಲು ಡಿವೈಸ್ ಮ್ಯಾನೇಜರ್‌ನಲ್ಲಿ ಹಳೇ ಡ್ರೈವರಿಗೆ ವಾಪಸ್ ಹೋಗೋ ‘ರೋಲ್ ಬ್ಯಾಕ್ ಡ್ರೈವರ್’ ಬಟನ್ ಒತ್ತೋಕೆ ಹೇಳಿದ, ನಮ್ಮಲ್ಲಿ ಅದು ಮಂಕಾಗಿತ್ತು, ಒತ್ತೋಕೆ ಆಗ್ಲಿಲ್ಲ. ಆಮೇಲೆ ಲ್ಯಾಪ್‌ಟಾಪ್ ಕಂಪನಿ ವೆಬ್‌ಸೈಟಿಗೇ ಹೋಗಿ, ಅಡಿಯಲ್ಲಿರೋ ಸೀರಿಯಲ್ ನಂಬರ್ ಹಾಕಿ, ನಮ್ಮ ಮಾಡೆಲ್‌ದೇ ಗ್ರಾಫಿಕ್ಸ್ ಡ್ರೈವರ್ ಡೌನ್‌ಲೋಡ್ ಮಾಡಿ ಹಾಕ್ಸಿದ. ರೀಸ್ಟಾರ್ಟ್. ಬಟನ್ ಆನ್. ಕ್ರೋಮ್ ಸರಿ, ಎಡ್ಜ್ ಸರಿ, ಫ್ಯಾನ್ ಸುಮ್ಮನಾಯ್ತು. ಖರ್ಚು ಸೊನ್ನೆ.

ನಿಮಗೆ ಹೀಗಾದ್ರೆ, ಮೊಬೈಲಲ್ಲಿ ತೆಗೆದ ಒಂದು ವಿಡಿಯೋನ ಲ್ಯಾಪ್‌ಟಾಪಿಗೆ ಕಾಪಿ ಮಾಡಿ ಓಡಿಸಿ. ಇನ್ನೊಂದು ಬ್ರೌಸರಲ್ಲಿ ನೋಡಿ. ಆ ಬಟನ್ ಆಫ್ ಮಾಡಿ ನೋಡಿ. ಇದರಲ್ಲಿ ಯಾವುದಾದ್ರೂ ಒಂದು ಕಡೆ ಚಿತ್ರ ಸರಿಯಾಗಿ ಬಂದ್ರೆ ಚಿಪ್ ಕಥೆ ಹೇಳೋನ ಹತ್ರ ಲ್ಯಾಪ್‌ಟಾಪ್ ಬಿಡಬೇಡಿ, ಮೊದಲು ಡ್ರೈವರ್ ಸರಿ ಮಾಡಿ. ಓಟಿಟಿ ಸಿನಿಮಾ ಮಾತ್ರ ಕಪ್ಪಾಗಿ ಬಂದ್ರೆ ಅದು ಬೇರೆ. ಸ್ಕ್ರೀನ್ ರೆಕಾರ್ಡ್ ಮಾಡೋ ಆ್ಯಪ್ ಓಡ್ತಿದ್ರೂ ಹಾಗಾಗಬಹುದು, ಅದಕ್ಕೂ ಚಿಪ್ ಹೋಗಿದೆ ಅನ್ನೋರು ಇರ್ತಾರೆ. ಅಂಗಡೀಲಿ ಬಿಡಲೇಬೇಕು ಅಂದ್ರೆ ಅಡಿಭಾಗದ, ಸ್ಕ್ರೂಗಳ ಫೋಟೋ ತೆಗೆದಿಡಿ. ಏನು ಕೆಟ್ಟಿದೆ, ಏನು ಮಾಡ್ತಾರೆ ಅಂತ ಬರೆಸ್ಕೊಳ್ಳಿ. ಬ್ಯಾಂಕ್ ಪಾಸ್‌ವರ್ಡ್ ಬ್ರೌಸರಲ್ಲಿ ಸೇವ್ ಆಗಿದ್ರೆ ಮೊದಲೇ ತೆಗೀರಿ. ನಮ್ಮದನ್ನ ನಾನು ಆಮೇಲೆ ಕೂತು ಒಂದೊಂದಾಗಿ ಬದಲಾಯಿಸಿದೆ, ಅದೊಂದು ಬೇರೆ ತಲೆನೋವು.

ಬಿಲ್ ಕೇಳಿದ್ದಕ್ಕೆ “ಬಿಲ್ ಬೇಕಂದ್ರೆ ಜಿಎಸ್‌ಟಿ ಮೇಲೆ ಆಗತ್ತೆ ಮೇಡಂ, ಕೊಟ್ಟು ತಗೊಳ್ಳಿ” ಅಂದ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಸೇವೆಗೆ ಬಿಲ್ ಕೊಡದೇ ಇರೋದೂ ಅನುಚಿತ ವ್ಯಾಪಾರವೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೀನಿ. ಫೋನ್‌ಪೇ ಸ್ಕ್ರೀನ್‌ಶಾಟ್, ಗೀಚಿದ ವಿಸಿಟಿಂಗ್ ಕಾರ್ಡ್, ಪಾಂಡಾ ಸ್ಟಿಕ್ಕರ್ ಫೋಟೋ ಎಲ್ಲ ಇಟ್ಕೊಂಡಿದ್ದೀನಿ. ಇಲ್ಲಿ ಆಗ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗ್ತೀನಿ, 5 ಲಕ್ಷದೊಳಗಿನ ದೂರಿಗೆ ಅಲ್ಲಿ ಶುಲ್ಕ ಇಲ್ಲ. ದೂರು ಕೊಟ್ಟ ವಿಷಯ ಓನರ್‌ಗೆ ವಾಟ್ಸಾಪ್ ಮಾಡಿದೆ. ಬಂದ ಉತ್ತರ: “ಮೇಡಂ ಕಂಪ್ಲೇಂಟ್ ಎಲ್ಲ ಯಾಕೆ, ಫ್ಯಾನ್ ಸರ್ವಿಸ್ ಫ್ರೀ ಮಾಡ್ಕೊಡ್ತೀವಿ ಬನ್ನಿ.”